ಹಿಡಿಯುವ ಕೈ, ಅಳೆಯುವ ಕಣ್ಣು

ಕೊಟ್ಟೂರಿನ ಶ್ರೀ ಗುರು ಬಸವೇಶ್ವರ ಸ್ವಾಮಿಯ ರಥೋತ್ಸವದಲ್ಲಿ ಭಕ್ತರು ತೇರಿನತ್ತ ಬಾಳೆಹಣ್ಣು, ಉತ್ತತ್ತಿಗಳನ್ನು ಎಸೆಯುವುದು ವಾಡಿಕೆ. ತೇರಿಗೆ ತಾಗಿ ಮರಳಿ ಬೀಳುವ ಹಣ್ಣನ್ನು ಹಿಡಿಯಲು ಕೈಚಾಚುವವನಿಗೆ ಲೆಕ್ಕ ಹಾಕುವಷ್ಟು ಸಮಯವಿರದು. ಆದರೂ ಎಷ್ಟೋ ಸಲ ಕೈ ತಕ್ಕ ಗಳಿಗೆಯಲ್ಲಿ ತಕ್ಕ ಜಾಗವನ್ನು ತಲುಪುತ್ತದೆ. ಈ ಸಾಮರ್ಥ್ಯದ ಮರ್ಮವನ್ನು ಅರಿತರೆ ಅದನ್ನು ಕಾಪಾಡಿಕೊಳ್ಳುವ ಬಗೆಯೂ, ಎಲ್ಲಿ ಅದನ್ನು ನಂಬಬಾರದೆಂಬುದೂ ನಮಗೆ ತಿಳಿಯುತ್ತದೆ.

ಕಣ್ಣು ಕಂಡದ್ದಕ್ಕೆ ಕೈ ಸ್ಪಂದಿಸಲು ಸುಮಾರು 0.2 ಸೆಕೆಂಡು ಬೇಕು. ಅಷ್ಟರಲ್ಲಿ ವಸ್ತು ಮುಂದೆ ಸಾಗಿರುತ್ತದೆ. ಆದುದರಿಂದ ಮಿದುಳು ಕೈಯನ್ನು ವಸ್ತು ಇರುವಲ್ಲಿಗಲ್ಲ, ಅದು ಬರಲಿರುವಲ್ಲಿಗೆ ಕಳುಹಿಸುತ್ತದೆ. ಚೆಂಡು ಸಮೀಪಿಸಿದಂತೆಲ್ಲ ಕಣ್ಣಿನೊಳಗೆ ಅದರ ಬಿಂಬ ಹಿಗ್ಗುತ್ತದೆ. ಹಿಗ್ಗುವ ವೇಗದಿಂದಲೇ ಅದು ತಲುಪುವ ಹೊತ್ತನ್ನು ಅಂದಾಜಿಸಬಹುದೆಂದು ಮನೋವಿಜ್ಞಾನಿ ಡೇವಿಡ್ ಲೀ 1976ರಲ್ಲಿ ವಿವರಿಸಿದರು. ಚೆಂಡು ಅಂಗೈ ಮುಟ್ಟುವುದಕ್ಕೆ ಮೊದಲೇ ಬೆರಳುಗಳು ಮಡಿಚತೊಡಗುತ್ತವೆ.

ಭೂಮಿಯ ಸೆಳೆತವನ್ನೂ ಮಿದುಳು ಮೊದಲೇ ಲೆಕ್ಕಕ್ಕೆ ಹಿಡಿದಿರುತ್ತದೆ. 1998ರಲ್ಲಿ ಬಾಹ್ಯಾಕಾಶ ನೌಕೆಯೊಂದರಲ್ಲಿ ಗಗನಯಾತ್ರಿಗಳು ತಮ್ಮತ್ತ ಬರುವ ಚೆಂಡನ್ನು ಹಿಡಿಯುವ ಪ್ರಯೋಗ ನಡೆಯಿತು. ಅಲ್ಲಿ ಚೆಂಡಿನ ವೇಗ ಭೂಮಿಯ ಮೇಲಿನಂತೆ ಹೆಚ್ಚುತ್ತಿರಲಿಲ್ಲ. ಆದರೂ ಅವರ ತೋಳುಗಳು ಅಗತ್ಯಕ್ಕಿಂತ ಮುಂಚೆಯೇ ಸಿದ್ಧವಾಗುತ್ತಿದ್ದವು.

ಇದು ಅಭ್ಯಾಸದಿಂದ ಬಲಿಯುವ ವಿದ್ಯೆ. ಟೆಸ್ಟ್ ಪಂದ್ಯಗಳಲ್ಲಿ 210 ಕ್ಯಾಚ್ ಹಿಡಿದ ನಮ್ಮ ನಾಡಿನ ರಾಹುಲ್ ದ್ರಾವಿಡ್ ಅವರ ಕೈಚಳಕದ ಹಿಂದೆಯೂ ಅಭ್ಯಾಸವೇ ಇದೆ. ನಮ್ಮ ಹೆಣ್ಣುಮಕ್ಕಳು ಆಡುವ ಐದು ಕಲ್ಲಿನ ಆಟವೂ ಇದೇ ಪಾಠವನ್ನು ಕಲಿಸುತ್ತದೆ. ಅರ್ಧ ಮೀಟರ್ ಮೇಲಕ್ಕೆ ತೂರಿದ ಕಲ್ಲು ಸುಮಾರು 0.6 ಸೆಕೆಂಡಿನಲ್ಲಿ ಮರಳುತ್ತದೆ. ಅಷ್ಟರೊಳಗೆ ನೆಲದ ಕಲ್ಲನ್ನೆತ್ತಿ, ಬೀಳುವುದನ್ನೂ ಹಿಡಿಯಬೇಕು. ಮಕ್ಕಳಿಗೆ ಮೊಬೈಲಿನ ಬದಲು ಇಂಥ ಆಟಗಳನ್ನು ಕೊಡೋಣ. ಹಿರಿಯರು ಕುರ್ಚಿಯ ಮೇಲೆ ಕುಳಿತು ಬಟ್ಟೆಯ ಚೆಂಡನ್ನು ಒಂದು ಕೈಯಿಂದ ಇನ್ನೊಂದಕ್ಕೆ ಮೆಲ್ಲನೆ ತೂರಿ ಹಿಡಿಯುವುದು ಹಿತಕರ.

ವಯಸ್ಸಾದಂತೆ ಈ ಸ್ಪಂದನ ನಿಧಾನವಾಗುವುದು ಸಹಜ. ಕಣ್ಣಿನ ಪೊರೆಯಿಂದ ದೂರದ ಅಂದಾಜು ತಪ್ಪಬಹುದು. ನೀರಿನ ಲೋಟಕ್ಕೆ ಚಾಚಿದ ಕೈ ಮತ್ತೆ ಮತ್ತೆ ಗುರಿ ತಪ್ಪುತ್ತಿದ್ದರೆ ವೈದ್ಯರಿಗೆ ತೋರಿಸಬೇಕು. ಹಠಾತ್ತನೆ ಹಾಗಾಗಿ, ಜೊತೆಗೆ ಮಾತು ತೊದಲಿದರೆ, ಮುಖ ವಾಲಿದರೆ ಅದು ಪಾರ್ಶ್ವವಾಯುವಿನ ಲಕ್ಷಣವಿರಬಹುದು. ತಡಮಾಡದೆ 108ಕ್ಕೆ ಕರೆ ಮಾಡಬೇಕು.

ಚೆಂಡು ಕೈತಪ್ಪಿದರೆ ಮತ್ತೆ ಎತ್ತಿಕೊಳ್ಳಬಹುದು. ರಸ್ತೆಯಲ್ಲಿ ಅಂದಾಜು ತಪ್ಪಿದರೆ ಜೀವಕ್ಕೇ ಕುತ್ತು. ವೇಗವಾಗಿ ಬರುವ ವಾಹನ ದೂರದಲ್ಲಿರುವಾಗ ಅದರ ಬಿಂಬ ಬಹಳ ನಿಧಾನವಾಗಿ ಹಿಗ್ಗುತ್ತದೆ. ಚಿಕ್ಕ ಮಕ್ಕಳ ಕಣ್ಣು ಅದನ್ನು ಗುರುತಿಸಲಾರದು. ಲಾರಿಗಿಂತ ಚಿಕ್ಕದಾಗಿ ಕಾಣುವ ಬೈಕು ಇನ್ನೂ ತಡವಾಗಿ ಬರುವುದೆಂದು ದೊಡ್ಡವರೂ ಭ್ರಮಿಸುತ್ತಾರೆ. ಕತ್ತಲಲ್ಲಿ ಒಂಟಿ ದೀಪವಷ್ಟೇ ಕಂಡಾಗಲಂತೂ ಅಂದಾಜು ಮತ್ತಷ್ಟು ಕಠಿಣ.

ಆದುದರಿಂದ ಕೊಟ್ಟೂರಿಗೆ ರಾತ್ರಿ ಪಾದಯಾತ್ರೆ ಹೊರಡುವ ಸದ್ಭಕ್ತರು ರಸ್ತೆಯ ಬಲಬದಿಯ ಅಂಚಿನಲ್ಲಿ, ಎದುರಿನ ವಾಹನಗಳು ಕಾಣುವಂತೆ ಸಾಲಾಗಿ ನಡೆಯಬೇಕು. ಬಿಳಿಯ ಬಟ್ಟೆ ತೊಟ್ಟು ಕೈಯಲ್ಲಿ ಟಾರ್ಚ್ ಹಿಡಿದಿರಬೇಕು. ಮಕ್ಕಳ ಕೈ ಬಿಡಬಾರದು. ರಸ್ತೆ ದಾಟುವಾಗ ‘ಇನ್ನೂ ದೂರವಿದೆ’ ಎಂದೆನಿಸಿದರೂ ವಾಹನ ಹಾದುಹೋಗುವವರೆಗೆ ನಿಲ್ಲೋಣ.