ಬೆಳೆಗಾರನೇ ಖರೀದಿದಾರನಾದ ಕಥೆ: ವಾರಣಾಶಿ ಸುಬ್ರಾಯ ಭಟ್ಟರು

ನಮ್ಮ ಸದಸ್ಯ ಬಾಂಧವರಲ್ಲಿ ಹಿರಿಯರಾದವರಿಗೆ ವಾರಣಾಶಿ ಸುಬ್ರಾಯ ಭಟ್ಟರ ಹೆಸರನ್ನು ಹೊಸದಾಗಿ ಹೇಳಬೇಕಾಗಿಲ್ಲ. ಆದರೆ ಈಚೆಗೆ ತೋಟದ ಹೊಣೆ ಹೊತ್ತ ಕಿರಿಯರಲ್ಲಿ ಹಲವರು ಕ್ಯಾಂಪ್ಕೋ ಎಂಬುದು ಅಂಚೆ ಕಚೇರಿಯ ಹಾಗೆ ಎಂದಿನಿಂದಲೂ ಇದ್ದದ್ದು ಎಂದು ತಿಳಿದಂತಿದೆ. ಅದು ಇಲ್ಲದಿದ್ದ ಕಾಲವೂ ಒಂದಿತ್ತು. ಅದನ್ನು ಕಟ್ಟಲು ಮುಂದಾದವರು ಅಡಿಕೆಯನ್ನೇ ನಂಬಿ ಸಂಸಾರ ನಡೆಸುತ್ತಿದ್ದ ಕೃಷಿಕರೆಂಬುದನ್ನು ಇಲ್ಲಿ ನೆನಪಿಗೆ ತರಬಯಸುತ್ತೇವೆ.

ವಿಷಯಕ್ಕೆ ಬರುವ ಮೊದಲು ತುಸು ದೂರದ ಮಾತೊಂದನ್ನು ಹೇಳಬೇಕು. ವಿಜಯಪುರ ಜಿಲ್ಲೆಯಲ್ಲಿ ಬಸವನ ಬಾಗೇವಾಡಿಯ ಆಚೆ ಈಚೆ, ಗೊಳಸಂಗಿಯಂಥ ಊರುಗಳ ಕಪ್ಪು ನೆಲದ ರೈತ ಜೋಳ ಬೆಳೆಯುತ್ತಾನೆ. ಮಳೆ ಕೈಕೊಟ್ಟರೆ ಅವನ ಕಷ್ಟ ನಮ್ಮ ಕಷ್ಟಕ್ಕಿಂತ ದೊಡ್ಡದು, ಅದರಲ್ಲಿ ಸಂಶಯವಿಲ್ಲ. ಆದರೆ ಬೆಳೆ ಬಂದ ವರ್ಷ ಪೇಟೆಯ ದರ ಬಿದ್ದರೆ ಅವನು ಜೋಳವನ್ನು ಹಗೇವಿನಲ್ಲಿ ತುಂಬಿಟ್ಟು ಮನೆಮಂದಿಯೊಡನೆ ಉಣ್ಣಬಹುದು. ನಮ್ಮ ಅಡಿಕೆಯನ್ನು ಉಣ್ಣಲಾಗುವುದೇ? ಊಟದ ಮೇಲೆ ಒಂದು ಹೋಳು ಬಾಯಿಗೆ ಹಾಕಿಕೊಳ್ಳಬಹುದು, ಅಷ್ಟೆ. ಅಕ್ಕಿ, ಬೇಳೆ, ಮಕ್ಕಳ ಫೀಸು, ಮಗಳ ಮದುವೆ ಎಲ್ಲವೂ ಆ ಒಂದು ಚೀಲದ ಬೆಲೆಯಿಂದಲೇ ಬರಬೇಕು. ಆದ್ದರಿಂದ ಅಡಿಕೆಯ ದರವೆಂದರೆ ನಮಗೆ ಅಡುಗೆ ಮನೆಯ ಮಾತು.

1970ರ ದಶಕದ ಆರಂಭದಲ್ಲಿ ಈ ದರ ಕುಸಿಯಿತು. ಹಿಂದಿನ ವರ್ಷಗಳಲ್ಲಿ ಹೊಸ ತೋಟಗಳು ಬಹಳವಾಗಿ ಎದ್ದಿದ್ದವು. ವಿಟ್ಲದಲ್ಲಿ 1956ರಿಂದ ಅಡಿಕೆ ಸಂಶೋಧನಾ ಕೇಂದ್ರವಿತ್ತು. ಅಧಿಕ ಇಳುವರಿಯ 'ಮಂಗಳ' ತಳಿಯನ್ನು ಬಿಡುಗಡೆ ಮಾಡಿದ್ದು 1972ರಲ್ಲಿ, ಅಂದರೆ ಸರಿಯಾಗಿ ಈ ಕುಸಿತದ ಕಾಲದಲ್ಲೇ. ಹೆಚ್ಚು ಬೆಳೆಯುವ ವಿದ್ಯೆ ನಮಗೆ ದೊರೆತಿತ್ತು, ಬೆಳೆದದ್ದನ್ನು ಮಾರುವ ವಿದ್ಯೆ ಇರಲಿಲ್ಲ. ಕೊಯ್ದು, ಅಂಗಳದಲ್ಲಿ ಒಂದೂವರೆ ತಿಂಗಳು ಒಣಗಿಸಿ, ಸುಲಿದು, ಆರಿಸಿ ಚೀಲ ಕಟ್ಟುವವರೆಗಿನ ಶ್ರಮವೆಲ್ಲ ಬೆಳೆಗಾರನದು. ಆ ಚೀಲಕ್ಕೆ ಬೆಲೆ ಹೇಳುವ ಬಾಯಿ ಮಾತ್ರ ಬೇರೆಯವರದು.

ಕಾಫಿ ಬೆಳೆಗಾರರ ಸ್ಥಿತಿ ಆಗ ಬೇರೆಯಾಗಿತ್ತು. 1942ರ ಕಾಫಿ ಕಾಯ್ದೆಯಂತೆ ಕಾಫಿಯೆಲ್ಲ ಮಂಡಳಿಯ ಪೂಲ್‌ಗೆ ಸೇರುತ್ತಿತ್ತು. ಹಣ ಕಂತು ಕಂತಾಗಿ, ಕೆಲವೊಮ್ಮೆ ತಾಳ್ಮೆ ಪರೀಕ್ಷಿಸುವಷ್ಟು ನಿಧಾನವಾಗಿ ಬರುತ್ತಿತ್ತಾದರೂ ಕೊಳ್ಳುವವನು ಇದ್ದೇ ಇದ್ದ. (ಆ ವ್ಯವಸ್ಥೆ 1996ರಲ್ಲಿ ಪೂರ್ಣವಾಗಿ ಕೊನೆಗೊಂಡಿತು. ಬಳಿಕ ಕಾಫಿಯವರಿಗೂ ಅಡಿಕೆಯವರ ಚಿಂತೆ ಏನೆಂದು ತಿಳಿಯಿತು!) ಅಡಿಕೆಗೆ ಅಂಥ ಪೂಲ್ ಇರಲೇ ಇಲ್ಲ.

ಸುಬ್ರಾಯ ಭಟ್ಟರ ಊರು ಬಂಟ್ವಾಳ ತಾಲೂಕಿನ ಅಡ್ಯನಡ್ಕ. ಅಲ್ಲಿಂದ ಸ್ವಲ್ಪ ಮುಂದೆ ಹೋದರೆ ಪೆರ್ಲ, ಅದು ಕಾಸರಗೋಡಿಗೆ ಸೇರಿದ್ದು. 1956ರಲ್ಲಿ ಗಡಿಗೆರೆ ಎಳೆದಾಗ ಕಾಸರಗೋಡು ಕೇರಳಕ್ಕೆ ಹೋಯಿತು. ಆದರೆ ತೋಟ, ನೆಂಟಸ್ತನ, ಮಾತು ಯಾವುದೂ ಆ ಗೆರೆಯನ್ನು ಕೇಳಲಿಲ್ಲ. ಆಚೆಯ ಅಡಿಕೆಯೂ ಮಂಗಳೂರು ಪೇಟೆಯನ್ನೇ ನೋಡುತ್ತಿತ್ತು. ಒಂದೇ ರಾಜ್ಯದ ಕಾನೂನಿನಡಿ ಸಂಘ ಕಟ್ಟಿದರೆ ಅರ್ಧ ಬೆಳೆಗಾರರು ಹೊರಗುಳಿಯುತ್ತಾರೆ, ವ್ಯಾಪಾರಕ್ಕೆ ಆ ಒಂದು ಬಿರುಕು ಸಾಕು. ಗಡಿಯಂಚಿನ ಕೃಷಿಕನಿಗೆ ಇದನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ.

1973ರ ಜುಲೈ 11ರಂದು ನೋಂದಣಿಯಾದ ಸಂಸ್ಥೆ ಕರ್ನಾಟಕ, ಕೇರಳ ಎರಡೂ ರಾಜ್ಯಗಳ ಬೆಳೆಗಾರರದಾಯಿತು. ಪ್ರಧಾನ ಕಚೇರಿ ಮಂಗಳೂರಿನಲ್ಲಿ, ಸ್ಥಾಪಕಾಧ್ಯಕ್ಷರು ಸುಬ್ರಾಯ ಭಟ್ಟರು.

ಅಡಿಕೆಗೆ ಸಹಕಾರ ಸಂಘವೆಂಬುದು ಅಂದಿಗೆ ಹೊಸದಾಗಿರಲಿಲ್ಲ. ಶಿರಸಿಯಲ್ಲಿ ಕಡವೆ ಶ್ರೀಪಾದರಾವ್ ಹೆಗಡೆಯವರು ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿಯನ್ನು 1923ರಲ್ಲೇ ಕಟ್ಟಿದ್ದರು. ಅಲ್ಲಿ ಸದಸ್ಯನ ಮಾಲು ಸಂಘದ ಅಂಗಳಕ್ಕೆ ಬರುತ್ತದೆ, ವ್ಯಾಪಾರಿಗಳು ಟೆಂಡರು ಹಾಕುತ್ತಾರೆ, ತೂಕದಲ್ಲೂ ಲೆಕ್ಕದಲ್ಲೂ ಮೋಸವಾಗದಂತೆ ಸಂಘ ನಡುವೆ ನಿಲ್ಲುತ್ತದೆ. ಬಹಳ ದೊಡ್ಡ ಉಪಕಾರವದು. ಕ್ಯಾಂಪ್ಕೋ ಇಟ್ಟದ್ದು ಇನ್ನೊಂದು ಹೆಜ್ಜೆ. ತಾನೇ ದರ ಘೋಷಿಸಿ, ತನ್ನ ಹಣ ಕೊಟ್ಟು, ಮಾಲನ್ನು ತನ್ನದಾಗಿ ಕೊಂಡುಕೊಳ್ಳುವುದು. ಇದರಲ್ಲಿರುವ ಅಪಾಯವನ್ನು ಓದುಗರು ಗಮನಿಸಬೇಕು. ಇಂದು ಕೊಂಡ ಅಡಿಕೆಯ ದರ ನಾಳೆ ಇಳಿದರೆ ನಷ್ಟ ಸಂಘದ ತಲೆಯ ಮೇಲೆ. ಆ ಅಪಾಯವನ್ನು ಸಾವಿರಾರು ಮನೆಗಳ ಬದಲು ಒಂದು ಸಂಸ್ಥೆ ಹೊರಲಿ ಎಂಬುದೇ ಈ ಏರ್ಪಾಡಿನ ತಿರುಳು. ಪೇಟೆಯ ಅಡಿಕೆಯನ್ನೆಲ್ಲ ಅದು ಕೊಳ್ಳಬೇಕಾಗಿಯೂ ಇರಲಿಲ್ಲ. ಇಷ್ಟು ಕೊಡುತ್ತೇನೆ ಎಂದು ಒಬ್ಬ ಗಟ್ಟಿಯಾಗಿ ನಿಂತರೆ ಉಳಿದವರು ಅದಕ್ಕಿಂತ ತೀರ ಕೆಳಗೆ ಕೇಳಲಾರರು.

ಇಲ್ಲಿ ನಮ್ಮ ಸದಸ್ಯರ ಬಗ್ಗೆಯೂ ಒಂದು ಮಾತು ಹೇಳದಿದ್ದರೆ ತಪ್ಪಾದೀತು. ದರ ಏರಿದಾಗ ಎರಡು ರೂಪಾಯಿ ಹೆಚ್ಚು ಕೊಟ್ಟ ಹೊರಗಿನವನಿಗೆ ಚೀಲ ಎತ್ತಿ ಕೊಡುವುದು, ಇಳಿದಾಗ ಸಂಘದ ಬಾಗಿಲಲ್ಲಿ ಸಾಲು ನಿಲ್ಲುವುದು, ಈ ಅಭ್ಯಾಸ ಎಲ್ಲ ಸಂಘಗಳಿಗೂ ಗೊತ್ತಿರುವುದೇ.

ಭಟ್ಟರ ಕಾಲದ ಇನ್ನೊಂದು ದೊಡ್ಡ ಪರೀಕ್ಷೆ ಬಂದದ್ದು ಕೊಕ್ಕೋದಿಂದ. ಅಡಿಕೆ ಮರಗಳ ನೆರಳಲ್ಲಿ ಉಪಬೆಳೆಯಾಗಿ ಕೊಕ್ಕೋ ಹಾಕಿರೆಂದು ಬೆಳೆಗಾರರಿಗೆ ಪ್ರೋತ್ಸಾಹ ಸಿಕ್ಕಿತ್ತು. 1977ರ ಸುಮಾರಿಗೆ ಲೋಕದ ಪೇಟೆಯಲ್ಲಿ ಕೊಕ್ಕೋ ಬೆಲೆ ಶಿಖರ ಮುಟ್ಟಿ, ಆಮೇಲೆ ಇಳಿಯತೊಡಗಿತು. ಖಾಸಗಿ ಖರೀದಿ ಹಿಂದೆ ಸರಿಯಿತು. ಅಡಿಕೆಯನ್ನು ಉಣ್ಣಲಾಗದಿದ್ದರೂ ಅಟ್ಟದಲ್ಲಿ ವರ್ಷಕಾಲ ಇಡಬಹುದು. ಕೊಕ್ಕೋ ಹಾಗಲ್ಲ. ಕಾಯಿ ಒಡೆದ ಹಸಿ ಬೀಜವನ್ನು ಹೆಚ್ಚು ಕಡಿಮೆ ಅಂದೇ ಕೊಡಬೇಕು, ಆರು ದಿನ ಹುದುಗು ಬರಿಸಿ ಒಣಗಿಸಬೇಕು. ಕೊಳ್ಳುವವನು ಇಂದು ಬಾರದಿದ್ದರೆ ನಾಳೆ ಅದು ಗೊಬ್ಬರದ ಗುಂಡಿಗೆ. ತೋಟದಲ್ಲಿ ಕಾಯಿ ಮರದಲ್ಲೇ ಕರಗುವುದನ್ನು ನೋಡಿ ಗಿಡಗಳನ್ನು ಕಡಿದು ಹಾಕಿದವರೂ ಇದ್ದರು.

ಆಗ ಕ್ಯಾಂಪ್ಕೋ ಕೊಕ್ಕೋ ಖರೀದಿಗೆ ಇಳಿಯಿತು. ಅಡಿಕೆಗಾಗಿ ಹುಟ್ಟಿದ ಸಂಸ್ಥೆಗೆ ಗೊತ್ತಿಲ್ಲದ ಬೆಳೆ, ಗೊತ್ತಿಲ್ಲದ ಪೇಟೆ. ಕೊಂಡದ್ದನ್ನು ಬೀಜವಾಗಿಯೇ ಮಾರಹೊರಟರೆ ಪರದೇಶದ ದರಕ್ಕೆ ತಲೆಬಾಗಲೇಬೇಕು. ಹೀಗಾಗಿ ಬೀಜದಿಂದ ಚಾಕೊಲೇಟಿನವರೆಗೆ ತಾವೇ ಮಾಡುವ ಯೋಚನೆ ಬಂತು. ಅಡಿಕೆ ಸುಲಿಯುವವರು ಚಾಕೊಲೇಟು ಮಾಡಿಯಾರೇ ಎಂಬ ಅನುಮಾನ ಯಾರಿಗಾದರೂ ಸಹಜವೇ. 1986ರ ಸೆಪ್ಟೆಂಬರ್ 1ರಂದು ಪುತ್ತೂರಿನ ಕೆಮ್ಮಿಂಜೆಯಲ್ಲಿ ಕಾರ್ಖಾನೆಯನ್ನು ಅಂದಿನ ರಾಷ್ಟ್ರಪತಿ ಜ್ಞಾನಿ ಜೈಲ್ ಸಿಂಗ್ ಅವರು ಉದ್ಘಾಟಿಸಿದರು. ನಮ್ಮ ಅಭಿಪ್ರಾಯದಲ್ಲಿ ಭಟ್ಟರ ಕಾಲದ ಕೆಲಸಗಳಲ್ಲಿ ಇದು ಸಂಘ ಕಟ್ಟಿದ್ದಕ್ಕಿಂತಲೂ ಧೈರ್ಯದ್ದು. ಸಂಘ ಹುಟ್ಟಿದ್ದು ಕಷ್ಟದ ಒತ್ತಡದಿಂದ, ಕಾರ್ಖಾನೆ ಹುಟ್ಟಿದ್ದು ಮುಂದಾಲೋಚನೆಯಿಂದ.

ಇಂಥ ಮುಖಂಡರ ಬಗ್ಗೆ ಬರೆಯುವಾಗ ಮನೆಯ ಮಾತು ಬಿಟ್ಟುಹೋಗುವುದುಂಟು. ಸಭೆ, ಪ್ರವಾಸ, ಕಚೇರಿ ಎಂದು ಯಜಮಾನ ಓಡಾಡುತ್ತಿದ್ದರೆ ಅಡಿಕೆ ತೋಟ ಕಾಯುತ್ತ ಕೂರುವುದಿಲ್ಲ. ಮಳೆಗಾಲಕ್ಕೆ ಮುನ್ನ ಬೋರ್ಡೋ ಸಿಂಪಡಣೆ ಆಗದಿದ್ದರೆ ಕೊಳೆರೋಗ ಗೊನೆಯನ್ನೇ ಉದುರಿಸುತ್ತದೆ. ಅಂಗಳದ ಅಡಿಕೆಗೆ ಅಕಾಲದ ಹನಿ ಬಿದ್ದರೆ ಓಡಿಹೋಗಿ ರಾಶಿ ಮಾಡುವವರು ಮನೆಯ ಹೆಂಗಸರು, ಮಕ್ಕಳು, ಕೆಲಸದವರು. ಯಾವ ಸಂಘದ ವರದಿಯಲ್ಲೂ ಅವರ ಹೆಸರು ಬರುವುದಿಲ್ಲ. ಹೊರಗೆ ಊರ ಕೆಲಸ ನಡೆಯುವುದು ಒಳಗೆ ಮನೆ ಗಟ್ಟಿಯಾಗಿದ್ದಾಗ ಮಾತ್ರ.

ವಾರಣಾಶಿ ಎಂಬುದು ಆ ಮನೆತನದ ಹೆಸರು, ತೋಟದ ಹೆಸರೂ ಹೌದು. ಭಟ್ಟರ ನಂತರವೂ ಆ ತೋಟ ಪಾಳು ಬಿದ್ದಿಲ್ಲ. ಮುಂದಿನ ತಲೆಮಾರಿನವರು ಅದನ್ನು ಸಾವಯವ ಕೃಷಿಗೆ ಹೆಸರಾಗುವಂತೆ ಬೆಳೆಸಿದ್ದಾರೆ. ಆ ಕಡೆ ಹೋಗುವ ಸದಸ್ಯರು ವಿಟ್ಲದಿಂದ ಪೆರ್ಲದ ದಾರಿ ಹಿಡಿದರೆ ಗಡಿ ದಾಟುವ ಮೊದಲೇ ಅಡ್ಯನಡ್ಕ ಸಿಗುತ್ತದೆ.