ಗಣಕಯಂತ್ರ ಸುಮ್ಮನಿದ್ದಾಗ ತಾನಾಗಿಯೇ ನಡೆಯುವ ಆದೇಶಗಳು

ಮಂಡ್ಯದ ಬೆಲ್ಲದ ಮಂಡಿಯಲ್ಲಾಗಲಿ, ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಾಗಲಿ, ಮಳವಳ್ಳಿಯ ಅಕ್ಕಿ ಗಿರಣಿಯಲ್ಲಾಗಲಿ, ಊಟಕ್ಕೆ ಏಳುವ ವರ್ತಕರು ಗಲ್ಲಾಪೆಟ್ಟಿಗೆಗೆ ಬೀಗ ಹಾಕಲು ಮರೆಯುವುದಿಲ್ಲ. ಪಕ್ಕದ ಗಣಕಯಂತ್ರ ಮಾತ್ರ ತೆರೆದೇ ಇರುತ್ತದೆ. ಲೆಕ್ಕಪತ್ರಗಳನ್ನು ಲಿನಕ್ಸ್ ಸರ್ವರ್‌ನಲ್ಲಿ ಇರಿಸಿಕೊಂಡಿರುವ ಉದ್ದಿಮೆಗಳಲ್ಲಿ ಇದರ ಅಪಾಯ ಹೆಚ್ಚು. ದುರಸ್ತಿಗೆ ಬಂದ ತಂತ್ರಜ್ಞರು 'ರೂಟ್' ಅಧಿಕಾರದ ಶೆಲ್ ಮುಚ್ಚದೆ ಹೋದರೆ, ಯಾರು ಬೇಕಾದರೂ ಒಂದೇ ಸಾಲಿನಲ್ಲಿ ಇಡೀ ವರ್ಷದ ಬಾಕಿ ಲೆಕ್ಕವನ್ನು ಅಳಿಸಬಹುದು.

ಆದೇಶಗಳನ್ನು ಅಕ್ಷರಗಳಲ್ಲಿ ಬರೆದು ಕೊಡುವ ಪರದೆಯ ಹಿಂದಿನ ತಂತ್ರಾಂಶವೇ ಶೆಲ್. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿರುವುದು 1989ರಲ್ಲಿ ಹೊರಬಂದ 'ಬ್ಯಾಷ್'. ಅದರಲ್ಲಿ ಟಿ, ಎಂ, ಓ, ಯು, ಟಿ ಎಂಬ ಐದು ದೊಡ್ಡಕ್ಷರಗಳ ಹೆಸರಿಗೆ 600 ಎಂಬ ಬೆಲೆ ಕೊಟ್ಟರೆ, ಹತ್ತು ನಿಮಿಷ ಯಾವ ಆದೇಶವೂ ಬಾರದಿದ್ದಲ್ಲಿ ಶೆಲ್ ತಾನಾಗಿ ಮುಚ್ಚಿಕೊಳ್ಳುತ್ತದೆ. ಇದನ್ನು ಎಲ್ಲ ಬಳಕೆದಾರರಿಗೂ ಅನ್ವಯಿಸುವ ಪ್ರೊಫೈಲ್ ಕಡತದಲ್ಲಿ ಬರೆದು, ಬದಲಾಯಿಸಲಾಗದಂತೆ 'ರೀಡ್‌ಓನ್ಲಿ' ಮಾಡಿಸುವುದು ಲೇಸು.

1990ರಲ್ಲಿ ಪಾಲ್ ಫಾಲ್‌ಸ್ಟಡ್ ಅವರು ಬರೆದ 'ಝಡ್ ಶೆಲ್' ಒಂದು ಹೆಜ್ಜೆ ಮುಂದಿದೆ. ಅವಧಿ ಮುಗಿದಾಗ ಅದಕ್ಕೆ 'ಅಲಾರಂ' ಸಂಕೇತ ಬರುತ್ತದೆ. ಆ ಸಂಕೇತಕ್ಕೆ ಕಾದಿರುವ ಆದೇಶವೊಂದನ್ನು ಮೊದಲೇ ಬರೆದಿಟ್ಟಿದ್ದರೆ, ಶೆಲ್ ಮುಚ್ಚುವ ಬದಲು ಅದನ್ನು ನಡೆಸಿ, ಮತ್ತೆ ಮೊದಲಿನಿಂದ ಎಣಿಕೆ ಆರಂಭಿಸುತ್ತದೆ. ಪರದೆಗೆ ಬೀಗ ಹಾಕಿಸಬಹುದು, ಡಿಸ್ಕಿನಲ್ಲಿ ಉಳಿದ ಜಾಗ ತೋರಿಸಬಹುದು.

ಹಾಗಾದರೆ ಲೆಕ್ಕಪತ್ರದ ನಕಲನ್ನೂ ಹೀಗೆಯೇ ತೆಗೆಸಬಹುದಲ್ಲವೇ? ಬೇಡ. ಎರಡು ಶೆಲ್ ತೆರೆದಿದ್ದರೆ ಎರಡೂ ತಮ್ಮ ತಮ್ಮ ಎಣಿಕೆಯಂತೆ ಒಂದೇ ಕಡತದ ಮೇಲೆ ಬೀಳುತ್ತವೆ. ಶೆಲ್ ತೆರೆಯದ ದಿನ ನಕಲೇ ಇಲ್ಲ. ಆ ಕೆಲಸಕ್ಕೆ ಗೊತ್ತಾದ ವೇಳೆಗೆ ನಡೆಯುವ 'ಕ್ರಾನ್' ಇದೆ. ರಾತ್ರಿ ಯಂತ್ರ ಆರಿಸುವ ಅಂಗಡಿಗಳಿಗೆ, ತಪ್ಪಿದ ಕೆಲಸವನ್ನು ಯಂತ್ರ ಹಚ್ಚಿದ ಮೇಲೆ ಮಾಡಿಸುವ 'ಅನಾಕ್ರಾನ್' ಇದೆ. ಅಳಿಸುವ ಆದೇಶವನ್ನಂತೂ ಅಲಾರಂಗೆ ಎಂದಿಗೂ ಕಟ್ಟಬಾರದು. ಅದು ಒಂದು ಸಲಕ್ಕೆ ನಿಲ್ಲುವುದಿಲ್ಲ.

ಹಲವರಿಗೆ ತಿಳಿಯದ ಸಂಗತಿ ಇನ್ನೊಂದಿದೆ. ಈ ಎಣಿಕೆ ನಡೆಯುವುದು ಶೆಲ್ ಆದೇಶಕ್ಕೆ ಕಾದಿರುವಾಗ ಮಾತ್ರ. ಒಳಗೆ ದತ್ತಸಂಚಯದ ತಂತ್ರಾಂಶವನ್ನೋ ಕಡತ ತಿದ್ದುವ ತಂತ್ರಾಂಶವನ್ನೋ ತೆರೆದಿಟ್ಟು ಎದ್ದುಹೋದರೆ, ಸಂಜೆಯವರೆಗೂ ಬೀಗ ಬೀಳದು. ಲೆಕ್ಕದ ಕೋಣೆಯಲ್ಲಿ ಹೆಚ್ಚಾಗಿ ತೆರೆದಿರುವುದು ಇಂಥದೇ ಪರದೆ. ಇದಕ್ಕೆ 'ಟಿಮಕ್ಸ್' ಎಂಬ ಉಚಿತ ತಂತ್ರಾಂಶದೊಳಗೆ ಶೆಲ್ ನಡೆಸಬೇಕು. ಅದರ 'ಲಾಕ್ ಆಫ್ಟರ್ ಟೈಮ್' ಆಯ್ಕೆ ಒಳಗೆ ಏನು ತೆರೆದಿದೆಯೆಂದು ನೋಡದೆ, ಬಳಕೆ ನಿಂತ ಹೊತ್ತನ್ನು ಎಣಿಸಿ ಬೀಗದ ಆದೇಶವನ್ನು ಕರೆಯುತ್ತದೆ. ಬೀಗಕ್ಕೆ 'ವಿಲಾಕ್' ಜೋಡಿಸಿದರೆ ಗುಪ್ತಪದವಿಲ್ಲದೆ ಪರದೆ ತೆರೆಯದು. ತಂತ್ರಜ್ಞರು ಮುಂದಿನ ಸಲ ಬಂದಾಗ ಇದನ್ನು ಅಳವಡಿಸಿ, ಕೀಲಿಮಣೆ ಮುಟ್ಟದೆ ಹತ್ತು ನಿಮಿಷ ಎದುರಿಗೇ ಕುಳಿತು ಬೀಗ ಬಿದ್ದುದನ್ನು ತೋರಿಸಿ ಹೋಗುವಂತೆ ವರ್ತಕರು ಕೇಳಬೇಕು.