ರಾಯಚೂರಿನ ಹೊಳೆ, ಸಹ್ಯಾದ್ರಿಯ ಮಳೆ

ರಾಯಚೂರು: ಮುಂಗಾರು ಆರಂಭವಾಯಿತೆಂದರೆ ಮಾನ್ವಿ, ಸಿರವಾರ ಭಾಗದ ರೈತರು ಪತ್ರಿಕೆಯಲ್ಲಿ ಮೊದಲು ಹುಡುಕುವುದು ಒಳಪುಟದ ಒಂದು ಸಣ್ಣ ಚೌಕವನ್ನು. ತುಂಗಭದ್ರಾ ಜಲಾಶಯದ ನೀರಿನ ಮಟ್ಟ, ಒಳಹರಿವು, ಹೊರಹರಿವು ಅದರಲ್ಲಿರುತ್ತವೆ. ದೇವದುರ್ಗದ ಹೊಳೆದಂಡೆಯ ಹಳ್ಳಿಗಳಲ್ಲಿ ಇದೇ ಕುತೂಹಲ ಆಲಮಟ್ಟಿ ಮತ್ತು ನಾರಾಯಣಪುರದ ಅಂಕಿಗಳ ಬಗ್ಗೆ. ತಲೆಯ ಮೇಲಿನ ಆಕಾಶದಲ್ಲಿ ಮೋಡವಿದೆಯೇ ಎಂಬುದಕ್ಕಿಂತ ಶೃಂಗೇರಿಯಲ್ಲಿ, ಮಹಾಬಲೇಶ್ವರದಲ್ಲಿ ಎಷ್ಟು ಮಳೆಯಾಯಿತು ಎಂಬುದೇ ಇಲ್ಲಿ ಮುಖ್ಯ.

ರಾಯಚೂರು ಜಿಲ್ಲೆಯಲ್ಲಿ ಪರ್ವತವೆಂದು ಕರೆಯಬಹುದಾದದ್ದು ಏನೂ ಇಲ್ಲ. ನಗರ ಇರುವುದು ಸಮುದ್ರ ಮಟ್ಟದಿಂದ ಸುಮಾರು 400 ಮೀಟರ್ ಎತ್ತರದಲ್ಲಿ. ಸುತ್ತ ಎರೆ ಮತ್ತು ಮಸಾರಿ ಭೂಮಿ, ನಡುನಡುವೆ ಬಂಡೆಗಲ್ಲುಗಳ ಗುಡ್ಡ. ಆದರೆ ಈ ಬಯಲಿನ ಭೂಗೋಳ ಮತ್ತು ಚರಿತ್ರೆ ಎರಡನ್ನೂ ರೂಪಿಸಿದ್ದು ಇಲ್ಲಿಂದ ನೇರ ದೂರದಲ್ಲಿ ಸುಮಾರು 400 ಕಿ.ಮೀ. ಆಚೆಗಿರುವ ಒಂದು ಪರ್ವತ ಶ್ರೇಣಿ. ಸಹ್ಯಾದ್ರಿ ಅಥವಾ ಪಶ್ಚಿಮ ಘಟ್ಟದ ಕುರಿತ ಚರ್ಚೆಗಳಲ್ಲಿ ಕೊಡಗು, ಚಿಕ್ಕಮಗಳೂರು, ಉತ್ತರ ಕನ್ನಡದ ಹೆಸರುಗಳು ಕೇಳಿಬರುತ್ತವೆ. ಆ ಘಟ್ಟದ ನೀರನ್ನೇ ನಂಬಿರುವ ರಾಯಚೂರಿನ ಹೆಸರನ್ನು ಮಾತ್ರ ಯಾರೂ ಎತ್ತುವುದಿಲ್ಲ.

ಪರ್ವತವಲ್ಲ, ಪ್ರಸ್ಥಭೂಮಿಯ ಅಂಚು

ಗುಜರಾತ್ ಗಡಿಯ ಸಮೀಪದಿಂದ ಕನ್ಯಾಕುಮಾರಿಯವರೆಗೆ ಸುಮಾರು 1,600 ಕಿ.ಮೀ. ಉದ್ದಕ್ಕೆ ಹಬ್ಬಿರುವ ಪಶ್ಚಿಮ ಘಟ್ಟಗಳು ಹಿಮಾಲಯದಂತೆ ಭೂಪದರಗಳು ಮಡಿಸಿಕೊಂಡು ಎದ್ದ ಪರ್ವತಗಳಲ್ಲ. ಇವು ದಖನ್ ಪ್ರಸ್ಥಭೂಮಿಯ ಪಶ್ಚಿಮದ ಅಂಚು. ಪ್ರಾಚೀನ ಗೊಂಡ್ವಾನ ಭೂಖಂಡ ಒಡೆದು ಮಡಗಾಸ್ಕರ್, ಬಳಿಕ ಸೇಶೆಲ್ಸ್ ಭಾಗಗಳು ಭಾರತದಿಂದ ಬೇರ್ಪಟ್ಟ ಕಾಲಘಟ್ಟದಲ್ಲಿ ಪಶ್ಚಿಮದ ಅಂಚು ಎತ್ತರಿಸಿ, ಮುಂದೆ ಕೋಟ್ಯಂತರ ವರ್ಷಗಳ ಸವೆತದಲ್ಲಿ ಈಗಿನ ರೂಪ ಪಡೆಯಿತು ಎಂಬುದು ಭೂವಿಜ್ಞಾನಿಗಳ ವಿವರಣೆ. ಕರಾವಳಿಯಿಂದ ನೋಡಿದರೆ ಗೋಡೆಯಂತೆ ಕಡಿದಾಗಿ ಕಾಣುವ ಘಟ್ಟ, ಮೇಲೆ ಹತ್ತಿದ ನಂತರ ಪೂರ್ವಕ್ಕೆ ನಿಧಾನವಾಗಿ ಇಳಿಯುತ್ತ ಹೋಗಿ ಬಯಲಾಗುತ್ತದೆ. ಒಂದು ಬದಿಗೆ ತುಸು ಎತ್ತಿ ಹಿಡಿದ ಮರದ ಹಲಗೆಯನ್ನು ಕಲ್ಪಿಸಿಕೊಂಡರೆ ಸಾಕು. ಎತ್ತಿದ ತುದಿ ಸಹ್ಯಾದ್ರಿ. ಇಳಿದ ಭಾಗದಲ್ಲಿದೆ ರಾಯಚೂರು.

ಉತ್ತರದ ಮಹಾಬಲೇಶ್ವರದ ಸುತ್ತ ಕಾಣುವುದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಹರಿದು ಗಟ್ಟಿಯಾದ ಕಪ್ಪು ಬಸಾಲ್ಟ್ ಶಿಲೆ. ರಾಜ್ಯದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿ (ಸುಮಾರು 1,930 ಮೀಟರ್) ಇರುವ ದಕ್ಷಿಣ ಭಾಗದ ಶಿಲೆಗಳು ಅದಕ್ಕಿಂತ ಎಷ್ಟೋ ಪಟ್ಟು ಹಳೆಯವು. ವಯಸ್ಸಿನಲ್ಲಿ ರಾಯಚೂರಿನ ಬಂಡೆಗಳೂ ಕಡಿಮೆಯೇನಲ್ಲ. ಇಲ್ಲಿನ ಗ್ರಾನೈಟ್ ಸುಮಾರು 250 ಕೋಟಿ ವರ್ಷಗಳಷ್ಟು ಹಿಂದಿನದು. ಇದರ ನಡುವೆ ಹಾದುಹೋಗಿರುವ ಹಟ್ಟಿ-ಮಸ್ಕಿ ಶಿಲಾ ಪಟ್ಟಿಯಲ್ಲೇ ಹಟ್ಟಿಯ ಚಿನ್ನ ಸಿಗುತ್ತಿರುವುದು. ಮಸ್ಕಿಯಲ್ಲಿ ಅಶೋಕನ ಹೆಸರಿದ್ದ ಶಾಸನ 1915ರಲ್ಲಿ ಬೆಳಕಿಗೆ ಬಂದದ್ದೂ ಚಿನ್ನ ಹುಡುಕುತ್ತಿದ್ದ ಎಂಜಿನಿಯರ್ ಸಿ. ಬೀಡನ್ ಅವರ ಕಣ್ಣಿಗೆ ಬಿದ್ದಿದ್ದರಿಂದ.

ಈ ಇಳಿಜಾರಿನ ಫಲವಾಗಿಯೇ ಕೃಷ್ಣಾ ನದಿ ಅರಬ್ಬಿ ಸಮುದ್ರದಿಂದ ಕೇವಲ 64 ಕಿ.ಮೀ. ಅಂತರದಲ್ಲಿ, ಮಹಾಬಲೇಶ್ವರದ ಬಳಿ 1,300 ಮೀಟರ್‌ಗೂ ಹೆಚ್ಚು ಎತ್ತರದಲ್ಲಿ ಹುಟ್ಟಿಯೂ, ಹತ್ತಿರದ ಸಮುದ್ರವನ್ನು ಬಿಟ್ಟು ಸುಮಾರು 1,400 ಕಿ.ಮೀ. ಹರಿದು ಬಂಗಾಳಕೊಲ್ಲಿಯನ್ನು ಸೇರುತ್ತದೆ. ತುಂಗಾ ಮತ್ತು ಭದ್ರಾ ಹುಟ್ಟುವುದು ವರಾಹ ಪರ್ವತದ ಗಂಗಾಮೂಲದಲ್ಲಿ. ಅದೇ ತಾಣದಿಂದ ಹೊರಡುವ ನೇತ್ರಾವತಿ ಪಶ್ಚಿಮಕ್ಕೆ ಇಳಿದು ಮಂಗಳೂರಿನಲ್ಲಿ ಕಡಲು ಸೇರಿದರೆ, ಅವಳಿ ನದಿಗಳು ಶಿವಮೊಗ್ಗ ಬಳಿಯ ಕೂಡಲಿಯಲ್ಲಿ ಒಂದಾಗಿ ಪೂರ್ವದ ಬಯಲಿಗೆ ಬರುತ್ತವೆ. ಒಂದೇ ಬೆಟ್ಟದ ಮೇಲೆ ಬಿದ್ದ ಮಳೆಯ ಎರಡು ಹನಿಗಳಲ್ಲಿ ಒಂದು ಮಂಗಳೂರಿಗೂ ಮತ್ತೊಂದು ಮಾನ್ವಿಗೂ ಹೋಗಬಹುದು.

ಮಳೆ ತಡೆದವನೇ ನೀರು ಕೊಟ್ಟವನು

ನೈರುತ್ಯ ಮುಂಗಾರಿನ ಗಾಳಿ ಅರಬ್ಬಿ ಸಮುದ್ರದ ತೇವವನ್ನು ಹೊತ್ತು ಬಂದು ಘಟ್ಟಕ್ಕೆ ಬಡಿಯುತ್ತದೆ. ಮೇಲೇರುವ ಗಾಳಿ ತಣಿದು ತೇವ ಮಳೆಯಾಗಿ ಸುರಿಯುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆಯಾಗುವುದು ಈ ಕಾರಣಕ್ಕೆ. ಘಟ್ಟ ದಾಟಿ ಪೂರ್ವಕ್ಕೆ ಇಳಿಯುವ ಗಾಳಿಯಲ್ಲಿ ತೇವ ಉಳಿದಿರುವುದಿಲ್ಲ. ಇಳಿಯುತ್ತ ಅದು ಬಿಸಿಯೂ ಆಗುತ್ತದೆ. ಹೀಗೆ ಮಳೆಯ ನೆರಳಿನಲ್ಲಿ ಸಿಕ್ಕ ರಾಯಚೂರಿಗೆ ವರ್ಷವಿಡೀ ಬೀಳುವುದು 600ರಿಂದ 700 ಮಿ.ಮೀ. ಆಸುಪಾಸಿನ ಮಳೆ. ಅದರಲ್ಲಿಯೂ ಗಣನೀಯ ಪಾಲು ಸೆಪ್ಟೆಂಬರ್ ಸುಮಾರಿಗೆ ಬಂಗಾಳಕೊಲ್ಲಿಯ ವಾಯುಭಾರ ಕುಸಿತಗಳಿಂದ ಬರುವಂಥದ್ದು. ಆಗುಂಬೆಯ ಪೂರ್ವಕ್ಕೆ ಬಿದ್ದ ಮಳೆಯಾದರೋ ಮಾಲತಿ ಹೊಳೆಯ ಮೂಲಕ ತುಂಗೆಯನ್ನು ಸೇರಿ, ಕೆಲವು ದಿನಗಳ ಬಳಿಕ ಹೊಸಪೇಟೆಯ ಜಲಾಶಯದಲ್ಲಿ ಒಳಹರಿವಾಗಿ ಕಾಣಿಸಿಕೊಳ್ಳುತ್ತದೆ. ಮೋಡವನ್ನು ತಡೆದು ಬರ ತಂದ ಪರ್ವತವೇ ಹೊಳೆಯ ಮೂಲಕ ನೀರನ್ನೂ ಕಳಿಸುತ್ತದೆ.

ಪ್ರವಾಹವೆಲ್ಲ ಘಟ್ಟದಿಂದಲೇ ಬರುತ್ತದೆ ಎಂದು ಭಾವಿಸುವಂತೆಯೂ ಇಲ್ಲ. 2009ರ ಸೆಪ್ಟೆಂಬರ್ ಕೊನೆ ಹಾಗೂ ಅಕ್ಟೋಬರ್ ಮೊದಲ ದಿನಗಳಲ್ಲಿ ರಾಯಚೂರು, ಮಂತ್ರಾಲಯ, ಕರ್ನೂಲುಗಳನ್ನು ಮುಳುಗಿಸಿದ ನೆರೆಗೆ ಕಾರಣ ಬಯಲಿನ ಮೇಲೆಯೇ ಸುರಿದ ಭಾರಿ ಮಳೆ. ಅದಕ್ಕೆ ತದ್ವಿರುದ್ಧವಾಗಿ 2019ರ ಆಗಸ್ಟ್‌ನಲ್ಲಿ ಮಹಾರಾಷ್ಟ್ರದ ಘಟ್ಟ ಪ್ರದೇಶದ ಮಳೆಗೆ ಕೃಷ್ಣೆ ಉಕ್ಕಿದಾಗ ದೇವದುರ್ಗ ತಾಲ್ಲೂಕಿನ ಹೂವಿನಹೆಡಗಿ ಸೇತುವೆ ಜಲಾವೃತವಾಗಿ ಸಂಚಾರ ನಿಂತಿತ್ತು. ಮಳೆ ಬಿದ್ದದ್ದು ಬೇರೆ ರಾಜ್ಯದಲ್ಲಿ, ರಸ್ತೆ ಕಡಿದದ್ದು ದೇವದುರ್ಗದಲ್ಲಿ. ರಾಯಚೂರು ತಾಲ್ಲೂಕಿನ ಕುರ್ವಕಲಾ, ಕುರ್ವಕುರ್ದಾದಂತಹ ನಡುಗಡ್ಡೆಗಳ ಜನರು ಇಂಥ ದಿನಗಳಲ್ಲಿ ಹೊರಜಗತ್ತಿನ ಸಂಪರ್ಕವನ್ನೇ ಕಳೆದುಕೊಳ್ಳುತ್ತಾರೆ.

ಎರಡು ಹೊಳೆಗಳ ನಡುವಿನ ಯುದ್ಧಭೂಮಿ

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ, ಪೂರ್ವದಲ್ಲಿ ಎರಡೂ ಕೂಡುವ ಸಂಗಮ. ಈ ನಡುವಣ ನಾಡೇ ರಾಯಚೂರು ದೋಆಬ್. ಹದಿನಾಲ್ಕನೆಯ ಶತಮಾನದಲ್ಲಿ ವಿಜಯನಗರ ಮತ್ತು ಬಹಮನಿ ರಾಜ್ಯಗಳು ತಲೆಯೆತ್ತಿದಂದಿನಿಂದ ಎರಡು ಶತಮಾನ ಕಾಲ ಇದು ಕೈಯಿಂದ ಕೈಗೆ ಹೋದ ಭೂಮಿ. ಫಲವತ್ತಾದ ಎರೆ, ಕೋಟೆ ಕಟ್ಟಲು ಹೇಳಿ ಮಾಡಿಸಿದಂಥ ಬಂಡೆಗುಡ್ಡಗಳು, ಎರಡೂ ಕಡೆಯವರಿಗೆ ಗಡಿಯಾಗಿ ಕಾಣುವ ಹೊಳೆಗಳು ಇದಕ್ಕೆ ಕಾರಣ.

ಕೋಟೆಯ ಕಥೆ ಅದಕ್ಕೂ ಹಿಂದಿನದು. ಕಾಕತೀಯರ ಅಧಿಕಾರಿ ಗೋರೆ ಗಂಗಯ್ಯ ರೆಡ್ಡಿ 1294ರಲ್ಲಿ ರಾಯಚೂರು ಕೋಟೆ ಕಟ್ಟಿಸಿದ ವಿವರವುಳ್ಳ ಶಾಸನ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿನ ಮೇಲಿದೆ. ಆ ಕಲ್ಲನ್ನು ಬಂಡಿಯ ಮೇಲೆ ಹೇರಿ ಕೋಣಗಳ ಸಾಲಿನಿಂದ ಎಳೆಸಿ ತಂದ ದೃಶ್ಯವನ್ನೂ ಗೋಡೆಯ ಮೇಲೆ ಕೊರೆಯಲಾಗಿದೆ. ರೈಲು ನಿಲ್ದಾಣದಿಂದ ಊರೊಳಗೆ ಬರುವವರಲ್ಲಿ ಎಷ್ಟು ಜನ ಇದನ್ನು ನಿಂತು ನೋಡಿದ್ದಾರೋ ಹೇಳುವುದು ಕಷ್ಟ. ದೇವದುರ್ಗವೂ ಗುಡ್ಡಗಳ ಆಸರೆಯಲ್ಲಿ ಬೆಳೆದ ಊರೇ. ಬೇಡ ನಾಯಕರ ಭದ್ರ ನೆಲೆಯಾಗಿತ್ತು ಎಂಬುದನ್ನು ಅದರ ಹೆಸರಿನಲ್ಲಿರುವ ದುರ್ಗವೇ ನೆನಪಿಸುತ್ತದೆ.

ದೂರದ ಘಟ್ಟದ ಮಳೆ ಇಲ್ಲಿನ ಯುದ್ಧಗಳ ವೇಳಾಪಟ್ಟಿಯನ್ನೂ ನಿರ್ಧರಿಸುತ್ತಿತ್ತು. ಜುಲೈಯಲ್ಲಿ ಕೃಷ್ಣೆ ತುಂಬಿದರೆ ಫಿರಂಗಿ, ಆನೆ, ಕುದುರೆಗಳೊಡನೆ ಸೈನ್ಯ ದಾಟುವುದು ದುಸ್ಸಾಧ್ಯ. ಶ್ರೀಕೃಷ್ಣದೇವರಾಯ ಮತ್ತು ಬಿಜಾಪುರದ ಇಸ್ಮಾಯಿಲ್ ಆದಿಲ್ ಷಾ ನಡುವಿನ ರಾಯಚೂರು ಯುದ್ಧ ನಡೆದದ್ದು ಮುಂಗಾರಿಗೆ ಮುನ್ನ, 1520ರ ಮೇ 19ರಂದು. ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದ್ದ ವಿಜಯನಗರದ ಸೇನೆಯನ್ನು ಹಿಮ್ಮೆಟ್ಟಿಸಲು ಆದಿಲ್ ಷಾ ಕೃಷ್ಣೆಯನ್ನು ದಾಟಿ ಬಂದ. ಸೋತು ಹಿಂದಿರುಗುವಾಗ ಬೆನ್ನಿಗಿದ್ದ ಅದೇ ಹೊಳೆ ಅವನ ಸೇನೆಗೆ ಮುಳುವಾಯಿತು ಎಂದು ಪೋರ್ಚುಗೀಸ್ ಬರಹಗಾರ ನ್ಯೂನಿಜ್ ದಾಖಲಿಸಿದ್ದಾನೆ. 1565ರ ಜನವರಿಯಲ್ಲಿ ವಿಜಯನಗರದ ಪತನಕ್ಕೆ ಕಾರಣವಾದ ರಕ್ಕಸಗಿ-ತಂಗಡಗಿ ಕಾಳಗವೂ ಕೃಷ್ಣಾ ತೀರದಲ್ಲಿ, ಹೊಳೆ ಇಳಿದಿದ್ದ ಕಾಲದಲ್ಲೇ ನಡೆಯಿತು.

ಮುಂದೆ ದೋಆಬ್ ನಿಜಾಮರ ಪಾಲಾಯಿತು. 1853ರಲ್ಲಿ ಬ್ರಿಟಿಷರ ವಶಕ್ಕೆ ಹೋಗಿ 1860ರಲ್ಲಿ ಮರಳಿತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯವನ್ನು ಸೇರಿತು. ಈ ನಡುವೆ ಸಹ್ಯಾದ್ರಿಯೊಡನೆ ರಾಯಚೂರಿಗೆ ಇನ್ನೊಂದು ನಂಟು ಬೆಳೆಯಿತು. 1863ರಲ್ಲಿ ಭೋರ್ ಘಾಟ್‌ನ ಕಡಿದಾದ ಹಾದಿಯಲ್ಲಿ ರೈಲು ಘಟ್ಟವೇರಿದ ಮೇಲೆ ಮುಂಬೈ ಕಡೆಯ ಹಳಿ ಮುಂದುವರಿಯುತ್ತ ಬಂದು, 1871ರಲ್ಲಿ ಮದ್ರಾಸಿನ ಹಳಿಯನ್ನು ಕೂಡಿಕೊಂಡದ್ದು ರಾಯಚೂರಿನಲ್ಲಿ.

ಮೈಲುಗಳಲ್ಲಿ ಅಳೆಯುವ ಕಾಲುವೆ

ಘಟ್ಟದ ನೀರನ್ನು ಬಯಲಿನಲ್ಲಿ ಹಿಡಿದಿಡುವ ಯತ್ನ ದೊಡ್ಡ ಪ್ರಮಾಣದಲ್ಲಿ ಆರಂಭವಾದದ್ದು 1945ರ ಫೆಬ್ರುವರಿಯಲ್ಲಿ. ಹೈದರಾಬಾದ್ ಮತ್ತು ಮದ್ರಾಸ್ ಸರ್ಕಾರಗಳು ಜಂಟಿಯಾಗಿ ತುಂಗಭದ್ರಾ ಅಣೆಕಟ್ಟೆಗೆ ಅಡಿಗಲ್ಲು ಹಾಕಿದವು. 1953ರ ವೇಳೆಗೆ ನೀರು ನಿಂತಿತು. ಎಡದಂಡೆ ಮುಖ್ಯ ಕಾಲುವೆಯ ಉದ್ದ 227 ಕಿ.ಮೀ., ಅಂದರೆ 141 ಮೈಲು. ದೇಶ ಕಿಲೋಮೀಟರ್‌ಗೆ ಬದಲಾಗಿ ದಶಕಗಳೇ ಕಳೆದರೂ ಈ ಕಾಲುವೆಯ ಲೆಕ್ಕ ಇಂದಿಗೂ ಮೈಲಿನಲ್ಲೇ. ಮೈಲ್ 69ರಲ್ಲಿ ಗೇಜ್ ಎಷ್ಟಿದೆ, ಮೈಲ್ 104ರಲ್ಲಿ ಎಷ್ಟು ಅಡಿ ನೀರು ಬಂದಿದೆ ಎಂಬುದರ ಮೇಲೆ ಮಾನ್ವಿ, ಸಿರವಾರ, ರಾಯಚೂರು ತಾಲ್ಲೂಕುಗಳ ಬೆಳೆ ನಿಂತಿದೆ. ಗೇಜ್ ಕಾಯ್ದುಕೊಳ್ಳಿ ಎಂಬ ಬೇಡಿಕೆಯೊಂದಿಗೆ ರಸ್ತೆ ತಡೆ ನಡೆಯುವುದು ಇಲ್ಲಿ ಹೊಸದೇನಲ್ಲ.

ಈ ಕಾಲುವೆಯನ್ನು ಯೋಜಿಸಿದ್ದು ಮುಖ್ಯವಾಗಿ ಜೋಳ, ಹತ್ತಿ, ಶೇಂಗಾದಂತಹ ಕಡಿಮೆ ನೀರಿನ ಬೆಳೆಗಳಿಗೆ. ಮೇಲ್ಭಾಗದಲ್ಲಿ ಭತ್ತ ವ್ಯಾಪಿಸಿತು, ಅನಧಿಕೃತ ನೀರಾವರಿಯೂ ಬೆಳೆಯಿತು. ಕೊನೆ ಭಾಗಕ್ಕೆ ನೀರು ತಲುಪದಿರಲು ಇದೊಂದು ಕಾರಣ. ಇನ್ನೊಂದು ಕಾರಣ ಜಲಾಶಯದ ತಳದಲ್ಲಿದೆ. ಆರಂಭದಲ್ಲಿ ಸುಮಾರು 133 ಟಿಎಂಸಿ ಅಡಿ ಹಿಡಿಯುತ್ತಿದ್ದ ಜಲಾಶಯದ ಸಾಮರ್ಥ್ಯ ಹೂಳು ತುಂಬಿ 105.79 ಟಿಎಂಸಿಗೆ ಇಳಿದಿದೆ. ಮಲೆನಾಡಿನ ಇಳಿಜಾರಿನಿಂದ ಹಿಡಿದು ಹೊಲ, ಗಣಿಗಳವರೆಗೆ ಜಲಾನಯನ ಪ್ರದೇಶದಲ್ಲಿ ಕೊಚ್ಚಿಹೋದ ಮಣ್ಣೆಲ್ಲ ಬಂದು ಕೂರುವುದು ಇಲ್ಲಿ. ಕಳೆದುಹೋದ 27 ಟಿಎಂಸಿಗೆ ಬದಲಾಗಿ ಕೊಪ್ಪಳ ಜಿಲ್ಲೆಯ ನವಲಿ ಬಳಿ ಸಮತೋಲನ ಜಲಾಶಯ ನಿರ್ಮಿಸುವ ಪ್ರಸ್ತಾವವೂ ಹುಟ್ಟಿಕೊಂಡಿತು.

ಕೃಷ್ಣೆಯ ಕಡೆ 1982ರಲ್ಲಿ ಪೂರ್ಣಗೊಂಡ ನಾರಾಯಣಪುರ ಅಣೆಕಟ್ಟೆಯ ಬಲದಂಡೆ ಕಾಲುವೆ ಲಿಂಗಸುಗೂರು, ದೇವದುರ್ಗದ ಒಣಭೂಮಿಗೆ ನೀರು ತಂದಿದೆ. ಅದೇ ಹೊಳೆಯ ನೀರಿನಿಂದ 1985ರಿಂದ ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರ ನಡೆಯುತ್ತಿದೆ. ಬೆಂಗಳೂರಿನ ಮನೆಗಳ ದೀಪಕ್ಕೂ ಮಹಾಬಲೇಶ್ವರದ ಮಳೆಗೂ ಹೀಗೊಂದು ಸಂಬಂಧ.

ಘಟ್ಟದ ನೆತ್ತಿಯಲ್ಲಿ ನೀರಿನ ದಿಕ್ಕನ್ನೇ ಬದಲಿಸಿದ ಉದಾಹರಣೆಗಳೂ ಇವೆ. 1915ರಲ್ಲಿ ಟಾಟಾ ಸಂಸ್ಥೆ ಖೋಪೋಲಿಯಲ್ಲಿ ವಿದ್ಯುತ್ ಉತ್ಪಾದಿಸಲು ಭೀಮಾ ಕಣಿವೆಯ ನೀರನ್ನು ಪಶ್ಚಿಮಕ್ಕೆ ತಿರುಗಿಸಿತು. 1960ರ ದಶಕದಲ್ಲಿ ಕೃಷ್ಣೆಯ ಉಪನದಿ ಕೊಯ್ನಾದ ನೀರು ಸುರಂಗಗಳ ಮೂಲಕ ಕೊಂಕಣಕ್ಕೆ ಇಳಿಯತೊಡಗಿತು. ಪೂರ್ವಕ್ಕೆ ಹರಿಯಬೇಕಿದ್ದ ಈ ನೀರು ವಿದ್ಯುತ್ ಕೊಟ್ಟು ಅರಬ್ಬಿ ಸಮುದ್ರ ಸೇರುತ್ತದೆ. ಬಚಾವತ್ ನ್ಯಾಯಮಂಡಳಿ ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಅಂದಿನ ಆಂಧ್ರಪ್ರದೇಶಕ್ಕೆ 800 ಟಿಎಂಸಿ ಎಂದು ಕೃಷ್ಣಾ ನೀರನ್ನು ಹಂಚಿದಾಗ ಈ ತಿರುವುಗಳೂ ಅದರ ಮುಂದಿದ್ದವು.

ಘಟ್ಟ ಯಾರ ವಿಷಯ?

ಪಶ್ಚಿಮ ಘಟ್ಟದ 39 ತಾಣಗಳು 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಅದಕ್ಕೆ ಮುನ್ನ 2011ರಲ್ಲಿ ಮಾಧವ ಗಾಡ್ಗೀಳ್ ನೇತೃತ್ವದ ಸಮಿತಿ, ಬಳಿಕ 2013ರಲ್ಲಿ ಕೆ. ಕಸ್ತೂರಿರಂಗನ್ ಸಮಿತಿ ಸಂರಕ್ಷಣೆಯ ಕುರಿತು ವರದಿ ನೀಡಿದವು. ಕೇಂದ್ರ ಸರ್ಕಾರ 2024ರ ಜುಲೈ 31ರಂದು ಹೊರಡಿಸಿದ ಆರನೆಯ ಕರಡು ಅಧಿಸೂಚನೆಯಲ್ಲಿ ರಾಜ್ಯದ 20,668 ಚ.ಕಿ.ಮೀ. ಪ್ರದೇಶವನ್ನು ಪರಿಸರ ಸೂಕ್ಷ್ಮ ಎಂದು ಗುರುತಿಸಲಾಗಿತ್ತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು.

ಮಲೆನಾಡಿನ ಬೆಳೆಗಾರರ, ಕಾಡಂಚಿನ ನಿವಾಸಿಗಳ ಆತಂಕಗಳಿಗೆ ಆಧಾರವಿಲ್ಲ ಎನ್ನಲಾಗದು. ಅವರ ಬದುಕಿನ ಪ್ರಶ್ನೆ ಅದು. ಆದರೆ ವಿಚಾರ ಘಟ್ಟದ ಮೇಲಿನವರಿಗಷ್ಟೇ ಸೇರಿದ್ದೆಂಬಂತೆ ಇಡೀ ಚರ್ಚೆ ನಡೆದಿದೆ. ಇಳಿಜಾರಿನ ಕಾಡು ಮಳೆನೀರನ್ನು ಮಣ್ಣಿಗಿಳಿಸಿ ನಿಧಾನವಾಗಿ ಹೊಳೆಗೆ ಬಿಡುತ್ತದೆ. ಕಾಡು ಬೋಳಾದರೆ ಅದೇ ನೀರು ಮಣ್ಣನ್ನು ಕಟ್ಟಿಕೊಂಡು ಒಮ್ಮೆಲೇ ಇಳಿಯುತ್ತದೆ. ಆಗ ಬಯಲಿಗೆ ಆಗಸ್ಟ್‌ನಲ್ಲಿ ನೆರೆ, ಫೆಬ್ರುವರಿಯಲ್ಲಿ ಬತ್ತಿದ ಹೊಳೆ, ಜಲಾಶಯಕ್ಕೆ ಹೂಳು. ಮೈಲ್ 104ರ ಆಚೆಯ ರೈತನ ಅಭಿಪ್ರಾಯವನ್ನು ಈ ವಿಷಯದಲ್ಲಿ ಕೇಳುವ ಪ್ರಸಂಗ ಬಂದೇ ಇಲ್ಲ.

ಘಟ್ಟ ಸಮೃದ್ಧವಾಗಿ ಮಳೆ ಕಳಿಸಿದರೂ ಬಯಲಿಗೆ ದಕ್ಕದ ಸಂದರ್ಭವೂ ಎದುರಾಗಿದೆ. 2024ರ ಆಗಸ್ಟ್ 10ರ ರಾತ್ರಿ, ಜಲಾಶಯ ತುಂಬಿದ್ದಾಗ, ತುಂಗಭದ್ರಾ ಅಣೆಕಟ್ಟೆಯ 33 ಕ್ರೆಸ್ಟ್‌ಗೇಟ್‌ಗಳ ಪೈಕಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಒತ್ತಡ ತಗ್ಗಿಸಲು ಉಳಿದ ಗೇಟ್‌ಗಳನ್ನೂ ತೆರೆಯಬೇಕಾಯಿತು. ವಾರದೊಳಗೆ ತಾತ್ಕಾಲಿಕ ತಡೆಗೋಡೆ ಅಳವಡಿಸುವ ಹೊತ್ತಿಗೆ ಹತ್ತಾರು ಟಿಎಂಸಿ ನೀರು ಹೊಳೆಯ ಪಾಲಾಗಿತ್ತು. ಮಾರನೆಯ ವರ್ಷ ಗೇಟ್‌ಗಳ ಸ್ಥಿತಿ ಗಮನಿಸಿ ಸಂಗ್ರಹವನ್ನು ಸುಮಾರು 80 ಟಿಎಂಸಿಗೆ ಸೀಮಿತಗೊಳಿಸಲಾಯಿತು. 2025ರ ಕೊನೆಯಲ್ಲಿ ಎಲ್ಲ ಗೇಟ್‌ಗಳನ್ನು ಬದಲಿಸುವ ಕಾಮಗಾರಿಗಾಗಿ ಎರಡನೇ ಬೆಳೆಗೆ ನೀರು ಬಿಡದಿರಲು ನಿರ್ಧರಿಸಿದಾಗ, ಮಲೆನಾಡಿನಲ್ಲಿ ಆ ಸಲದ ಮುಂಗಾರು ಚೆನ್ನಾಗಿಯೇ ಆಗಿತ್ತು. ಮಾನ್ವಿ ಭಾಗದ ಭತ್ತದ ಗದ್ದೆಗಳು ಬೇಸಿಗೆಗೆ ಖಾಲಿ ಉಳಿದವು.